12 ವರ್ಷದ ಸ್ವಿಫ್ಟ್: ಯಾವ ರಬ್ಬರ್ ನಿಜಕ್ಕೂ ಹೋಗಿದೆ, ಯಾವುದು ಇನ್ನೂ ತಡೆಯುತ್ತೆ?

ತುಂಗಾತೀರ

2013ರ ಸ್ವಿಫ್ಟ್ ವಿಎಕ್ಸ್‌ಐ, ಪೆಟ್ರೋಲ್. ಓಡಿರೋದು 71,000 ಕಿ.ಮೀ. ಮಾತ್ರ. ಗಾಡಿ ಇರೋದು ಶಿವಮೊಗ್ಗದಲ್ಲಿ, ತಿಂಗಳಿಗೆ ಎರಡು ಸಲ ಆಗುಂಬೆ ಘಾಟಿ ಇಳಿದು ಹತ್ತುತ್ತೆ.

ಲಕ್ಷಣಗಳು: ಹಂಪ್ ಇಳಿಯುವಾಗ ಮುಂದಿನ ಎಡಗಡೆಯಿಂದ 'ಡಕ್' ಅಂತ ಒಂದೇ ಸದ್ದು. ರಿವರ್ಸ್‌ನಲ್ಲಿ ಬ್ರೇಕ್ ಒತ್ತಿದರೂ ಅದೇ ಸದ್ದು. ಎಸಿ ಹಾಕಿ ಸಿಗ್ನಲ್‌ನಲ್ಲಿ ನಿಂತರೆ ಸ್ಟೀರಿಂಗ್ ಸಣ್ಣಗೆ ನಡುಗುತ್ತೆ. ಕೂಲೆಂಟ್ ಬಾಟಲಿಯಲ್ಲಿ ಎರಡು ತಿಂಗಳಿಗೆ ಒಂದು ಬೆರಳಿನಷ್ಟು ಕಮ್ಮಿ ಆಗುತ್ತೆ, ಆದರೆ ನೆಲದ ಮೇಲೆ ಒಂದು ತೊಟ್ಟೂ ಬಿದ್ದಿರಲ್ಲ.

ಗ್ಯಾರೇಜಿನಲ್ಲಿ ಕೊಟ್ಟ ಪಟ್ಟಿ: ಎರಡೂ ಲೋಯರ್ ಆರ್ಮ್ (ಚಕ್ರವನ್ನ ಹಿಡಿದಿಡೋ ಕೆಳಗಿನ ತೋಳು), ಶಾಕಪ್, ಸ್ಟ್ರಟ್ ಮೌಂಟಿಂಗ್ (ಶಾಕಪ್ ಮೇಲ್ತುದಿಯ ರಬ್ಬರು), ಲಿಂಕ್ ರಾಡ್ (ಬ್ಯಾಲೆನ್ಸ್ ರಾಡಿಗೆ ಸೇರೋ ಕೊಂಡಿ), ಮೂರೂ ಎಂಜಿನ್ ಮೌಂಟಿಂಗ್ (ಎಂಜಿನ್ ಕೂರೋ ರಬ್ಬರು), ಎರಡೂ ಆ್ಯಕ್ಸಲ್ ಬೂಟು (ಆ್ಯಕ್ಸಲ್ ಜಾಯಿಂಟಿನ ರಬ್ಬರ್ ಚೀಲ). "ರಬ್ಬರ್ ಎಲ್ಲಾ ಮುಗ್ದಿದೆ" ಅಂದರು, ಒಂದನ್ನೂ ತೋರಿಸಲಿಲ್ಲ. ಟ್ರಾಲಿ ಜಾಕ್, ಎರಡು ಜಾಕ್ ಸ್ಟ್ಯಾಂಡ್, ಸಾಕೆಟ್ ಸೆಟ್, ಟಾರ್ಕ್ ರೆಂಚ್ ನನ್ನ ಹತ್ರ ಇವೆ. ಯಾವುದನ್ನ ಹೇಗೆ ಪರೀಕ್ಷೆ ಮಾಡಬೇಕು, ಯಾವುದು ಮನೆಯಲ್ಲಿ ಆಗೋ ಕೆಲಸ, ಯಾವುದು ಅಲ್ಲ?

ಹದಿನೇಳರ_ಸ್ಪ್ಯಾನರ್

71,000 ಅನ್ನೋದನ್ನ ಮರೆತುಬಿಡಿ, 12 ವರ್ಷ ಅನ್ನೋದೇ ಲೆಕ್ಕ. ನಿಂತ ಗಾಡಿಯ ರಬ್ಬರಿಗೂ ವಯಸ್ಸಾಗುತ್ತೆ. ಬಿಸಿ, ಗಾಳಿಯಲ್ಲಿರೋ ಓಜೋನ್, ಎಣ್ಣೆ ಪಸೆ, ಮೂರೂ ಸೇರಿ ತಿನ್ನುತ್ತವೆ. ಹಾಗಂತ ಎಲ್ಲ ರಬ್ಬರೂ ಒಂದೇ ದಿನ ಸಾಯಲ್ಲ. ನಿಮ್ಮ ಪಟ್ಟಿಯಲ್ಲಿ ಅರ್ಧ ಊಹೆ. ತಮಾಷೆ ಅಂದ್ರೆ, ಜೀವಕ್ಕೆ ಸಂಬಂಧಪಟ್ಟ ಬ್ರೇಕ್ ಹೋಸು, ಪೆಟ್ರೋಲ್ ಹೋಸು, ಕೂಲೆಂಟ್ ಹೋಸು ಆ ಪಟ್ಟಿಯಲ್ಲೇ ಇಲ್ಲ. ಅಲ್ಲಿಂದಲೇ ಶುರು ಮಾಡಿ.

ಬ್ರೇಕ್ ಹೋಸ್. ಚಕ್ರ ಬಿಚ್ಚಿ, ಹೋಸನ್ನ ಬೆರಳಲ್ಲಿ ಸ್ವಲ್ಪ ಬಗ್ಗಿಸಿ, ಬಗ್ಗಿದ ಹೊರಮೈ ಮೇಲೆ ಟಾರ್ಚ್ ಬಿಡಿ. ಕೂದಲೆಳೆಯಂಥ ಬಿರುಕು ಕಂಡರೆ ಬದಲಿಸೋ ಕಾಲ ಬಂತು. ಒಳಗಿನ ದಾರದ ಹೆಣಿಗೆ ಕಂಡರೆ ಗಾಡಿ ತೆಗೀಬೇಡಿ. ಆಮೇಲೆ ಒಬ್ಬರು ಪೆಡಲ್ ಗಟ್ಟಿಯಾಗಿ ಒತ್ತಿ ಹಿಡಿಯಲಿ, ಇನ್ನೊಬ್ಬರು ಹೋಸನ್ನ ಉದ್ದಕ್ಕೂ ಸವರಿ ನೋಡಿ. ಎಲ್ಲೂ ಗುಳ್ಳೆ ಏಳಬಾರದು. ಹೊರಗೆ ಚೆನ್ನಾಗಿದ್ದು ಒಳಗೆ ಕುಸಿದ ಹೋಸು ಇನ್ನೊಂದು ಬಗೆಯ ತೊಂದರೆ: ಒತ್ತಿದಾಗ ದ್ರವ ಹೋಗುತ್ತೆ, ಬಿಟ್ಟಾಗ ವಾಪಸ್ ಬರಲ್ಲ, ಆ ಚಕ್ರ ಹಿಡಿದುಕೊಂಡೇ ಇರುತ್ತೆ. ಅದನ್ನ ಪತ್ತೆ ಮಾಡೋದು ಹೀಗೆ. ಚಕ್ರ ಎತ್ತಿ, ಬ್ರೇಕ್ ಒತ್ತಿ ಬಿಟ್ಟು, ಕೈಯಲ್ಲಿ ತಿರುಗಿಸಿ. ಬಿಗಿ ಇದ್ದರೆ ಹೋಸಿನ ಮೇಲ್ತುದಿಯಲ್ಲಿ ಕಬ್ಬಿಣದ ಪೈಪ್ ಸೇರೋ ನಟ್ಟನ್ನ ಸ್ವಲ್ಪ ಸಡಿಲಿಸಿ. ಅಲ್ಲೇ ಚಕ್ರ ಬಿಟ್ಟುಕೊಂಡರೆ ದೋಷ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ದ್ರವ ತಳ್ಳೋ ಭಾಗ) ಕಡೆ. ಅಲ್ಲಿ ಬಿಡದೆ ಕ್ಯಾಲಿಪರ್ (ಚಕ್ರದ ಹತ್ರ ಬ್ರೇಕ್ ಹಿಡಿಯೋ ಭಾಗ) ನಿಪ್ಪಲ್ ತೆರೆದಾಗ ಬಿಟ್ಟುಕೊಂಡರೆ ಹೋಸ್ ಒಳಗೇ ಕಟ್ಟಿದೆ. ಎರಡು ಕಡೆ ತೆರೆದರೂ ಬಿಡದಿದ್ದರೆ ಕ್ಯಾಲಿಪರ್ ಪಿಸ್ಟನ್ ಅಥವಾ ಪಿನ್ ಹಿಡಿದಿದೆ. ಈ ಪರೀಕ್ಷೆ ಮಾಡಿದ ಮೇಲೆ ಬ್ಲೀಡಿಂಗ್ (ಲೈನಿಗೆ ಸೇರಿದ ಗಾಳಿ ತೆಗೆಯೋದು) ತಪ್ಪಿಸೋ ಹಾಗಿಲ್ಲ.

ಈಗ ನಿಮ್ಮ 'ಡಕ್'. ಹಂಪ್‌ನಲ್ಲೂ ರಿವರ್ಸ್ ಬ್ರೇಕ್‌ನಲ್ಲೂ ಒಂದೇ ಸದ್ದು ಅಂದ್ರೆ ಮೊದಲ ಅನುಮಾನ ಎಡ ಲೋಯರ್ ಆರ್ಮಿನ ಹಿಂದಿನ ದೊಡ್ಡ ಬುಷ್ (ಲೋಹದ ಎರಡು ಬಳೆಗಳ ನಡುವಿನ ರಬ್ಬರು) ಮೇಲೆ. ಬ್ರೇಕ್ ಹಿಡಿದಾಗ ಚಕ್ರ ಹಿಂದಕ್ಕೋ ಮುಂದಕ್ಕೋ ಜರುಗದ ಹಾಗೆ ಹಿಡಿಯೋದು ಅದೇ. ಲಿಂಕ್ ರಾಡ್ ಹೋದರೆ ಸದ್ದೇ ಬೇರೆ, ಸಣ್ಣ ಜಲ್ಲಿ ಮೇಲೆ 20 ಕಿ.ಮೀ. ವೇಗದಲ್ಲಿ 'ಲಟಲಟ' ಅಂತ ಬಿಡದೆ ಬರುತ್ತೆ. ಸ್ಟ್ರಟ್ ಮೌಂಟಿಂಗ್ ಆದರೆ ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದಾಗ ಸ್ಪ್ರಿಂಗ್ ಸ್ವಲ್ಪ ಹೊತ್ತು ತಡೆದು 'ಟಿಂಯ್' ಅಂತ ಚಿಮ್ಮುತ್ತೆ. ಒಬ್ಬರು ತಿರುಗಿಸುವಾಗ ಇನ್ನೊಬ್ಬರು ಸ್ಪ್ರಿಂಗಿನ ಮೇಲೆ ಅಂಗೈ ಇಟ್ಟರೆ ಗೊತ್ತಾಗುತ್ತೆ.

ಲೋಯರ್ ಆರ್ಮ್ ಬುಷ್ಷನ್ನ ಗಾಡಿ ಜೋತು ಬಿದ್ದಾಗ ನೋಡಿ ಪ್ರಯೋಜನ ಇಲ್ಲ. ಚಕ್ರ ನೆಲದ ಮೇಲಿರಬೇಕು. ಮುಂದಿನ ಚಕ್ರಗಳನ್ನ ರ‍್ಯಾಂಪ್ ಹತ್ತಿಸಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು ಕೆಳಗೆ ಹೋಗಿ. ಉದ್ದನೆಯ ಟಾಮಿ ರಾಡನ್ನ ಆರ್ಮ್‌ಗೂ ಸಬ್‌ಫ್ರೇಮ್‌ಗೂ (ಎಂಜಿನ್ ಕೆಳಗಿನ ಕಬ್ಬಿಣದ ಚೌಕಟ್ಟು) ನಡುವೆ ಇಟ್ಟು ಮೆತ್ತಗೆ ಮೀಟಿ. ರಬ್ಬರ್ ಹಿಗ್ಗಿ ವಾಪಸ್ ಬಂದರೆ ಸರಿ. ರಬ್ಬರ್ ಒಂದು ಕಡೆ, ಲೋಹ ಒಂದು ಕಡೆ ಹೋದರೆ ಅಂಟು ಬಿಟ್ಟಿದೆ.

ಇಲ್ಲಿ ಬಹಳ ಜನ ಮೋಸ ಹೋಗ್ತಾರೆ. ಹಿಂದಿನ ಬುಷ್ಷಿನಲ್ಲಿ ಬಾಳೆಕಾಯಿ ಆಕಾರದ ತೂತುಗಳು ತಯಾರಿಸುವಾಗಲೇ ಇರುತ್ತವೆ. ಅದನ್ನೇ ತೋರಿಸಿ "ಹರಿದಿದೆ ನೋಡಿ" ಅಂತಾರೆ. ಬಿಟ್ಟ ತೂತಿನ ಅಂಚು ನುಣುಪಾಗಿ, ದುಂಡಾಗಿ, ಎರಡೂ ಬದಿ ಒಂದೇ ಅಳತೆಯಲ್ಲಿರುತ್ತೆ. ಹರಿದ ಅಂಚು ಒರಟು, ಮುಟ್ಟಿದರೆ ಬೆರಳಿಗೆ ಕಪ್ಪು ಪುಡಿ ಹತ್ತುತ್ತೆ, ಸಾಮಾನ್ಯವಾಗಿ ತೂತಿನ ಮೂಲೆಯಿಂದ ಲೋಹದ ಕಡೆಗೆ ಓಡಿರುತ್ತೆ. ಮೇಲ್ಮೈಯಲ್ಲಿ ಒಂದು ಮಿ.ಮೀ. ಬಿರುಕು 12 ವರ್ಷದ ಗಾಡಿಯಲ್ಲಿ ದೋಷ ಅಲ್ಲ. ಅಳುಕಿದ್ದರೆ ಎಡ ಬಲ ಎರಡನ್ನೂ ಒಂದೇ ಕೋನದಲ್ಲಿ ಫೋಟೋ ತೆಗೆದು ಪಕ್ಕ ಪಕ್ಕ ಇಟ್ಟು ನೋಡಿ.

ಕಡಲತಡಿ_ಗ್ಯಾರೇಜು

ಕೂಲೆಂಟಿನದ್ದು ನಾನು ಹೇಳ್ತೇನೆ. ನೆಲಕ್ಕೆ ಬೀಳದೆ ಕಮ್ಮಿ ಆಗ್ತಾ ಉಂಟು ಅಂದ್ರೆ ಹೆಚ್ಚಾಗಿ ಹೋಸಿನ ಬಾಯಿಯಲ್ಲಿ ಬೆವರಿ ಎಂಜಿನ್ ಬಿಸಿಗೆ ಅಲ್ಲೇ ಒಣಗ್ತದೆ. ಕ್ಲಿಪ್ಪಿನ ಪಕ್ಕ ಹಸಿರೋ ನೀಲಿಯೋ ಗುಲಾಬಿಯೋ ಹುಡಿ ಹಿಡಿದದ್ದು ಉಂಟಾ ನೋಡಿ, ನಿಮ್ಮ ಕೂಲೆಂಟಿನ ಬಣ್ಣದ್ದೇ ಇರ್ತದೆ. ಇದನ್ನು ಎಂಜಿನ್ ಪೂರಾ ತಣ್ಣಗಾದ ಮೇಲೆಯೇ ಮಾಡಬೇಕು ಮಾರಾಯ್ರೆ. ರೇಡಿಯೇಟರ್ ಕ್ಯಾಪ್ ಸುಮಾರು 1 ಬಾರ್ ಒತ್ತಡ ಹಿಡಿದಿಡ್ತದೆ, ಬಿಸಿಯಲ್ಲಿ ತೆಗೆದರೆ ಮುಖ ಸುಡ್ತದೆ.

ಹೋಸನ್ನು ನಡುವಲ್ಲಿ ಒತ್ತಿ ನೋಡಿ ಬಿಟ್ಟುಬಿಡುವವರೇ ಜಾಸ್ತಿ. ಒತ್ತಬೇಕಾದ್ದು ಕ್ಲಿಪ್ಪಿನಿಂದ ಎರಡು ಇಂಚಿನ ಒಳಗೆ, ಹೆಬ್ಬೆರಳು ತೋರುಬೆರಳು ಹಾಕಿ ಹಿಂಡಬೇಕು. ಹೋಸ್ ಒಳಗಿನಿಂದ ಸಾಯುವುದು ಅಲ್ಲಿಯೇ. ಕೂಲೆಂಟು, ಲೋಹದ ಮೂತಿ, ಹೋಸಿನ ರಬ್ಬರು ಸೇರಿ ಸಣ್ಣ ಬ್ಯಾಟರಿ ಹಾಗೆ ಆಗಿ ಒಳಮೈಯಲ್ಲಿ ಉದ್ದುದ್ದ ಬಿರುಕು ಬೀಳ್ತದೆ, ಹೊರಗೆ ಹೊಸತರ ಹಾಗೆಯೇ ಕಾಣ್ತದೆ. ತುದಿ ಮೆತ್ತಗೆ, ನಡು ಗಟ್ಟಿ ಇದ್ದರೆ ಅದು ಇದೇ ರೋಗ. ಇಡೀ ಹೋಸ್ ಗಟ್ಟಿಯಾಗಿ, ಹಿಂಡಿದರೆ 'ಕರಕರ' ಅಂದರೆ ಬಿಸಿಗೆ ಬೆಂದದ್ದು. ಒಂದೇ ಕಡೆ ಊದಿ ಜಿಗುಟಾಗಿದ್ದರೆ ಮೇಲಿನಿಂದ ಆಯಿಲ್ ಬೀಳ್ತಾ ಉಂಟು. ಆಗ ಮೊದಲು ಆ ಆಯಿಲ್ ಲೀಕ್ ನಿಲ್ಲಿಸಿ, ಇಲ್ಲದಿದ್ದರೆ ಹೊಸ ಹೋಸಿಗೂ ಅದೇ ಗತಿ. ಇನ್ನೊಂದು: ಗಾಡಿ ತಣ್ಣಗಾದ ಮೇಲೆ ಟಾಪ್ ಹೋಸ್ ಚಪ್ಪಟೆಯಾಗಿ ಅಂಟಿಕೊಂಡರೆ ಹೋಸನ್ನು ಬೈಯಬೇಡಿ, ಕ್ಯಾಪಿನ ಒಳಗಿನ ಸಣ್ಣ ವಾಲ್ವ್ ವಾಪಸ್ ಎಳೆದುಕೊಳ್ತಾ ಇಲ್ಲ. ಕ್ಯಾಪ್ ಬದಲಿಸಿದರೆ ಸಾಕು.

ಟಾಪ್, ಬಾಟಮ್ ಮಾತ್ರ ನೋಡಿ ನಿಲ್ಲಿಸಬೇಡಿ. ಹೀಟರಿಗೆ ಹೋಗುವ ಎರಡು, ಥ್ರಾಟಲ್ ಬಾಡಿಗೆ (ಎಂಜಿನ್ನಿಗೆ ಗಾಳಿ ಬಿಡುವ ಭಾಗ) ಹೋಗುವ ಸಣ್ಣವು, ಇವುಗಳ ನೆನಪೇ ಯಾರಿಗೂ ಇರುವುದಿಲ್ಲ.

ತೆಗೆಯುವಾಗ ಪ್ಲೇಯರ್ ಹಾಕಿ ತಿರುಚಿದರೆ ರೇಡಿಯೇಟರಿನ ಪ್ಲಾಸ್ಟಿಕ್ ಮೂತಿ 'ಟಪ್' ಅಂತ ಮುರೀತದೆ, 12 ವರ್ಷದ ಪ್ಲಾಸ್ಟಿಕ್ ಅಲ್ವಾ. ಹೇಗೂ ಬಿಸಾಡುವ ಹೋಸು, ಬ್ಲೇಡಿನಲ್ಲಿ ಉದ್ದಕ್ಕೆ ಸೀಳಿ ಬಾಳೆಹಣ್ಣಿನ ಸಿಪ್ಪೆ ಹಾಗೆ ಬಿಡಿಸಿ. ಮೂತಿಗೆ ಗೀರು ಬೀಳಬಾರದು, ಬಿದ್ದರೆ ಅಲ್ಲಿಂದಲೇ ಸೋರ್ತದೆ. ಹೊಸತನ್ನು ಕೂಲೆಂಟಿನಲ್ಲಿ ಒದ್ದೆ ಮಾಡಿ ತಳ್ಳಿ, ಗ್ರೀಸ್ ಬೇಡ. ಕ್ಲಿಪ್ಪು ಮೂತಿಯ ಉಬ್ಬಿನಿಂದ ಒಳಗಡೆ, ಹೋಸಿನ ತುದಿಯಿಂದ 3ರಿಂದ 5 ಮಿ.ಮೀ. ಬಿಟ್ಟು ಕೂರಬೇಕು. ಕಂಪನಿ ಕೊಟ್ಟ ಸ್ಪ್ರಿಂಗ್ ಕ್ಲಿಪ್ಪನ್ನು ಬಿಸಾಡಿ ಸ್ಕ್ರೂ ಕ್ಲಿಪ್ ಹಾಕುವ ಚಟ ನಮ್ಮಲ್ಲಿ ಬಹಳ ಉಂಟು. ಹೋಸ್ ಬಿಸಿಗೆ ಹಿಗ್ಗಿ ತಣ್ಣಗೆ ಕುಗ್ಗುವಾಗ ಸ್ಪ್ರಿಂಗ್ ಅದರೊಟ್ಟಿಗೆ ಹೋಗ್ತದೆ. ಸ್ಕ್ರೂ ನಿಂತಲ್ಲೇ ನಿಲ್ತದೆ, ಜಾಸ್ತಿ ಬಿಗಿದರೆ ರಬ್ಬರನ್ನು ಕೊಯ್ತದೆ. ತುಂಬಿಸಿದ ಮೇಲೆ ಹೀಟರ್ ಪೂರ್ತಿ ಬಿಸಿಗಿಟ್ಟು, ಫ್ಯಾನ್ ಎರಡು ಸಲ ಬಂದು ಹೋಗುವವರೆಗೆ ಐಡಲಿನಲ್ಲಿ ಬಿಡಿ. ಮಾರನೆಯ ದಿನ ಬೆಳಿಗ್ಗೆ ತಣ್ಣಗಿರುವಾಗ ಮಟ್ಟ ನೋಡಿ ಮತ್ತೆ ಹಾಕಿ.

ತುಂಗಾತೀರ

ಧನ್ಯವಾದ. ನೋಡಿದ್ದು ಇಷ್ಟು: ಎಡ ಆರ್ಮಿನ ಹಿಂದಿನ ಬುಷ್, ತೂತಿನ ಮೂಲೆಯಿಂದ ಸುಮಾರು 3 ಸೆಂ.ಮೀ. ಒರಟಾಗಿ ಹರಿದಿದೆ, ಪುಡಿ ಬೆರಳಿಗೆ ಹತ್ತುತ್ತೆ. ಬಲದ್ದು ಗಟ್ಟಿ. ಟಾಪ್ ಹೋಸ್ ರೇಡಿಯೇಟರ್ ತುದಿಯಲ್ಲಿ ಮೆತ್ತಗಿದೆ, ಕ್ಲಿಪ್ ಸುತ್ತ ಹಸಿರು ಹುಡಿ. ಬ್ರೇಕ್ ಹೋಸ್ ಮುಂದಿನ ಎರಡರಲ್ಲೂ ಬಗ್ಗಿಸಿದಾಗ ಸಣ್ಣ ಬಿರುಕು, ಗುಳ್ಳೆ ಇಲ್ಲ, ಚಕ್ರ ಸಲೀಸಾಗಿ ತಿರುಗುತ್ತೆ. ಲಿಂಕ್ ರಾಡ್, ಸ್ಟ್ರಟ್ ಮೌಂಟಿಂಗ್ ಸದ್ದಿಲ್ಲ. ಬಲ ಹೊರಗಿನ ಆ್ಯಕ್ಸಲ್ ಬೂಟಿನ ಮಡಿಕೆಯಲ್ಲಿ ಬಿರುಕು, ಗ್ರೀಸ್ ಆಚೆ ಬಂದಿಲ್ಲ.

ಬುಷ್ ಮಾತ್ರ ಹಾಕೋದೋ, ಪೂರ್ತಿ ಆರ್ಮ್ ಹಾಕೋದೋ? ಪಾಲಿ (ಪಾಲಿಯುರೆಥೇನ್) ಬುಷ್ ಹಾಕಿದರೆ ಹೋಗೋದೇ ಇಲ್ಲ ಅಂತಾರೆ, ನಿಜವಾ?

ಲೇತ್_ಹುಬ್ಬಳ್ಳಿ

ಎರಡೂ ನಡೀತೈತ್ರಿ, ಆದ್ರ ಬಾಲ್ ಜಾಯಿಂಟ್ (ಆರ್ಮಿನ ಹೊರತುದಿಯಾಗಿನ ಗುಂಡಿನ ಕೀಲು) ನೋಡಿ ನಿರ್ಧಾರ ಮಾಡ್ರಿ. ಅದು ಆರ್ಮಿಗೇ ಸೇರಿ ಬರ್ತೈತಿ. ಅದರ ಮ್ಯಾಲಿನ ರಬ್ಬರ್ ಟೊಪ್ಪಿಗಿ ಹರದಿದ್ರ, ಇಲ್ಲಾ ಕೈಯಾಗ ಹಿಡದು ಅಲ್ಲಾಡಿಸಿದ್ರ ಸಡಿಲ ಅನಿಸಿದ್ರ ಪೂರ್ತಿ ಆರ್ಮ್ ತಗೊಳ್ರಿ. ಬಾಲ್ ಗಟ್ಟಿ ಇದ್ರ ಬುಷ್ ಅಷ್ಟ ಸಾಕು.

ಬುಷ್ ಅಷ್ಟ ಅಂದ್ರ ಲೇತ್ ಅಂಗಡ್ಯಾಗ ಹೈಡ್ರಾಲಿಕ್ ಪ್ರೆಸ್ ಇರೂ ಕಡೆ ಒಯ್ರಿ. ಸುತ್ತಿಗಿಲೆ ಹೊಡದು ಕೂಡಸೂದು ಬ್ಯಾಡ್ರಿ. ಆರ್ಮಿನ ಕಣ್ಣು ಅಂಡಾಕಾರ ಆಗ್ತೈತಿ, ಆಮ್ಯಾಲ ಯಾವ ಬುಷ್ಷೂ ಅದರಾಗ ಗಟ್ಟಿ ಕೂಡಂಗಿಲ್ಲ. ಒಯ್ಯೂ ಮೊದಲ ಹಳೇ ಬುಷ್ಷಿನ ತೂತು ಯಾವ ದಿಕ್ಕಿಗೆ ಐತಿ ಅನ್ನೂದನ್ನ ಆರ್ಮಿನ ಮ್ಯಾಲ ಪೇಂಟ್‌ಲೆ ಗೀಟು ಹಾಕ್ರಿ, ಫೋಟೋನೂ ತಗೀರಿ. ಹೊಸಾದು ಅದ ದಿಕ್ಕಿಗೆ ಕೂಡಬೇಕು. 90 ಡಿಗ್ರಿ ತಿರುಗಿ ಕೂತ್ರ ಮೆತ್ತಗ ಇರಬೇಕಾದ ಕಡೆ ಬಿರುಸು, ಬಿರುಸು ಇರಬೇಕಾದ ಕಡೆ ಮೆತ್ತಗ ಆಗಿ ಸ್ವಲ್ಪ ದಿವಸಕ್ಕ ಮತ್ತ ಹರೀತೈತಿ. ಒತ್ತೂವಾಗ ಪ್ರೆಸ್ಸಿನ ಪೈಪು ಹೊರಗಿನ ಕಬ್ಬಿಣದ ಬಳಿ ಮ್ಯಾಲ ಕೂಡಬೇಕು. ನಡುವಿನ ನಳಿಗಿ ಮ್ಯಾಲ ಒತ್ತಿದ್ರ ಹೊಸಾ ರಬ್ಬರಿನ ಅಂಟು ಅಲ್ಲೇ ಬಿಡ್ತೈತಿ, ಗಾಡಿಗೆ ಹಾಕೂ ಮೊದಲ ಬುಷ್ ಸತ್ತಂಗ.

ಪಾಲಿ ಬುಷ್ ವಿಚಾರ: ಸವಿಯೂದು ಕಡಿಮಿ, ಖರೆ. ಆದ್ರ ಅದು ರಬ್ಬರ್ ಹಂಗ ತಿರುಚಿಕೊಳ್ಳಂಗಿಲ್ಲ, ನಳಿಗಿ ಮ್ಯಾಲ ಜಾರ್ತೈತಿ. ಅದಕ್ಕ ಆಗಾಗ ಗ್ರೀಸ್ ಬೇಕು, ಇಲ್ಲಂದ್ರ ಬಾಗಲಾ ತಗದಂಗ 'ಕಿರ್' ಅಂತೈತಿ. ತೂತಿರೂ ಹಿಂದಿನ ಬುಷ್ಷಿನ ಜಾಗಾಕ್ಕ ಗಟ್ಟಿ ಪಾಲಿ ತುಂಬಿದ್ರ ರಸ್ತೆದ ಪ್ರತಿ ಕಲ್ಲೂ ಸ್ಟೀರಿಂಗ್‌ನ್ಯಾಗ ಎಣಿಸಬಹುದು. ರೇಸ್ ಮಾಡಾವರಿಗೆ ಸರಿ, ಮನಿ ಗಾಡಿಗೆ ಯಾಕ ಬೇಕ್ರಿ?

ಹದಿನೇಳರ_ಸ್ಪ್ಯಾನರ್

ಪ್ರೆಸ್ ಮಾಡಿಸಿ ತಂದ ಆರ್ಮನ್ನ ಹಾಕೋದರಲ್ಲೇ ಮುಕ್ಕಾಲು ಜನ ಹೊಸ ಬುಷ್ ಕೊಲ್ಲೋದು. ಅದಕ್ಕೇ ಇದನ್ನ ಪೂರ್ತಿ ಬರೀತೀನಿ.

ಗಾಡಿ ಎತ್ತೋ ಮೊದಲು, ಸಮತಟ್ಟು ನೆಲದ ಮೇಲೆ, ಎಡ ಮುಂದಿನ ಚಕ್ರದ ನಡುಬಿಂದುವಿನಿಂದ ಮೇಲಿನ ಫೆಂಡರ್ ಅಂಚಿನವರೆಗೆ ಟೇಪ್ ಹಿಡಿದು ಅಳೆಯಿರಿ. ಅಂಕಿಯನ್ನ ಫೆಂಡರ್ ಮೇಲೆ ಪೇಪರ್ ಟೇಪ್ ಅಂಟಿಸಿ ಬರೆದಿಡಿ. ಆಮೇಲೆ ಬೇಕಾಗುತ್ತೆ. ಚಕ್ರದ ನಟ್ಟು ನೆಲದ ಮೇಲಿದ್ದಾಗಲೇ ಸಡಿಲಿಸಿ. ಹಿಂದಿನ ಚಕ್ರಕ್ಕೆ ಕಲ್ಲು, ಎತ್ತಿದ ಮೇಲೆ ಎರಡೂ ಕಡೆ ಸ್ಟ್ಯಾಂಡ್. ಜಾಕ್ ಒಂದನ್ನೇ ನಂಬಿ ಕೆಳಗೆ ಕೈ ಹಾಕಬೇಡಿ.

ಲಿಂಕ್ ರಾಡನ್ನ ಎರಡೂ ಕಡೆ ಕಳಚಿ. ಎಬಿಎಸ್ ವೈರ್ ಇದ್ದರೆ ಅದರ ಕ್ಲಿಪ್ ಬಿಡಿಸಿ ಪಕ್ಕಕ್ಕಿಡಿ. ಬಾಲ್ ಜಾಯಿಂಟ್ ನಕಲ್‌ಗೆ (ಹಬ್ ಹಿಡಿದಿರೋ ಲೋಹದ ಭಾಗ) ಸೇರೋ ಜಾಗದಲ್ಲಿ ಅಡ್ಡ ಬೋಲ್ಟ್ ಇದೆ, ಅದನ್ನ ಪೂರ್ತಿ ಹೊರಗೆಳೀಬೇಕು. ಬಾಲಿನ ಕಂಬದಲ್ಲಿ ಒಂದು ಕಚ್ಚು ಕೊರೆದಿರುತ್ತೆ, ಬೋಲ್ಟ್ ಅದರೊಳಗೆ ಹಾದು ಹೋಗುತ್ತೆ. ಸಡಿಲಿಸಿ ಬಿಟ್ಟು ಸುತ್ತಿಗೆ ಹೊಡೆದರೆ ಜನ್ಮದಲ್ಲೂ ಬರಲ್ಲ, ಬೋಲ್ಟ್ ಮಾತ್ರ ಹಾಳಾಗುತ್ತೆ. ತುಕ್ಕು ಹಿಡಿದಿದ್ದರೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸೋ ಸ್ಪ್ರೇ ಹೊಡೆದಿಡಿ, ರಬ್ಬರ್‌ಗೆ ತಾಗದ ಹಾಗೆ.

ಆರ್ಮ್ ಹೊರಗೆ ಬರುವಾಗ ಹಬ್ ಅನ್ನ (ಚಕ್ರ ಕೂರೋ ಭಾಗ) ಹೊರಗಡೆಗೆ ಎಳೀಬೇಡಿ, ಆ್ಯಕ್ಸಲ್‌ನ ಒಳ ಜಾಯಿಂಟ್ ಕಳಚಿಕೊಳ್ಳಬಹುದು.

ಹೊಸ ಬುಷ್ಷಿನ ಆರ್ಮ್ ಕೂರಿಸಿ, ಬೋಲ್ಟುಗಳನ್ನ ಕೈಬಿಗಿ ಮಾತ್ರ ಮಾಡಿ. ಇಲ್ಲೇ ನಿಲ್ಲಿ. ಈ ಬುಷ್ ಬೇರಿಂಗ್ ಥರ ತಿರುಗಲ್ಲ. ನಡುವಿನ ನಳಿಗೆ ಸಬ್‌ಫ್ರೇಮ್‌ಗೆ ಬಿಗಿಯುತ್ತೆ, ಹೊರ ಬಳೆ ಆರ್ಮ್‌ಗೆ ಬಿಗಿಯುತ್ತೆ, ಆರ್ಮ್ ಮೇಲೆ ಕೆಳಗೆ ಹೋದಾಗೆಲ್ಲ ನಡುವಿನ ರಬ್ಬರು ತಿರುಚುತ್ತೆ. ಚಕ್ರ ಜೋತು ಬಿದ್ದಾಗ ಬೋಲ್ಟ್ ಬಿಗಿದರೆ ರಬ್ಬರಿಗೆ ಅದೇ ವಿಶ್ರಾಂತಿಯ ಜಾಗ ಆಗುತ್ತೆ. ಗಾಡಿ ಇಳಿಸಿದ ಕೂಡಲೇ ಅದು ತಿರುಚಿಕೊಂಡು ನಿಲ್ಲುತ್ತೆ, ದಿನದ 24 ಗಂಟೆ. ಮೇಲಿಂದ ಹಂಪ್ ಬಂದರೆ ಇನ್ನಷ್ಟು. ಹೊಸ ಬುಷ್ ಆರು ತಿಂಗಳಿಗೇ ಹರಿದು "ಡೂಪ್ಲಿಕೇಟ್ ಮಾಲು" ಅನ್ನಿಸಿಕೊಳ್ಳೋದು ಬಹಳ ಸಲ ಹೀಗೆ.

ಆದ್ದರಿಂದ ಜಾಕನ್ನ ಆರ್ಮಿನ ಹೊರತುದಿಗೆ, ಬಾಲ್ ಜಾಯಿಂಟ್ ಹತ್ತಿರ, ಮರದ ತುಂಡು ಕೊಟ್ಟು ಇಡಿ. ಹಬ್ ನಡುವಿನಿಂದ ಫೆಂಡರ್ ಅಂಚಿಗೆ ಮೊದಲು ಬರೆದಿಟ್ಟ ಅಂಕಿ ಬರೋವರೆಗೆ ಎತ್ತಿ. ಆಗ ಟಾರ್ಕ್ ರೆಂಚಿನಲ್ಲಿ ಸರ್ವಿಸ್ ಮ್ಯಾನ್ಯುಯಲ್‌ನ ಅಂಕಿಗೆ ಬಿಗಿಯಿರಿ. ಆ ಎತ್ತರ ಬರೋ ಮೊದಲೇ ಗಾಡಿ ಸ್ಟ್ಯಾಂಡಿಂದ ಏಳೋಕೆ ಶುರುವಾದರೆ ಅಲ್ಲಿಗೇ ನಿಲ್ಲಿಸಿ, ಚಕ್ರ ಹಾಕಿ ರ‍್ಯಾಂಪ್ ಹತ್ತಿಸಿ ಬಿಗಿಯಿರಿ. ಹಿಂದಿನ ಆ್ಯಕ್ಸಲ್ ಬೀಮಿನ ಬುಷ್ಷಿಗೂ ಇದೇ ನಿಯಮ.

ಆಮೇಲೆ ವೀಲ್ ಅಲೈನ್‌ಮೆಂಟ್. ಕೆಲಸಕ್ಕೆ ಮೊದಲೇ ಮಾಡಿಸಿದ್ದರೆ ಅದು ದಂಡ, ಹರಿದ ಬುಷ್ ಮೇಲೆ ಟೋ ಅಂಕಿ (ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರೋ ಅಳತೆ) ನಿಲ್ಲಲ್ಲ.

ಬಲಗಡೆ ಬುಷ್ಷನ್ನೂ ಒಟ್ಟಿಗೇ ಹಾಕಿ ಅನ್ನೋದು ನನ್ನ ಮಾತು. ಗಟ್ಟಿ ಇದೆ ಅಂದ್ರಿ, ಆದರೂ ಅದಕ್ಕೂ 12 ವರ್ಷವೇ. ಆರ್ಮ್ ಬಿಚ್ಚೋ ಕೂಲಿ, ಅಲೈನ್‌ಮೆಂಟ್ ಎರಡೆರಡು ಸಲ ಕೊಡೋದಕ್ಕಿಂತ ಬುಷ್ಷಿನ ಬೆಲೆ ಕಮ್ಮಿ.

ರಬ್ಬರ್_ರಸಾಯನ

ಬದಲಿಸುವುದರ ಬಗ್ಗೆ ಎಲ್ಲ ಬಂದಿದೆ. ಯಾವ ರಬ್ಬರಿಗೆ ಯಾವ ದ್ರವ ವಿಷ ಎಂಬುದು ಬಿಟ್ಟುಹೋಗಿದೆ.

ಬುಷ್ ಮತ್ತು ಮೌಂಟಿಂಗ್‌ಗಳಲ್ಲಿ ಹೆಚ್ಚಾಗಿ ಇರುವುದು ಸಹಜ ರಬ್ಬರು, ನಮ್ಮ ಸುಳ್ಯ ಕಡೆಯ ತೋಟಗಳಲ್ಲಿ ಟ್ಯಾಪ್ ಮಾಡುತ್ತಾರಲ್ಲ, ಆ ಜಾತಿಯದೇ. ಪದೇ ಪದೇ ಬಳುಕುವುದಕ್ಕೆ ಅದಕ್ಕಿಂತ ಒಳ್ಳೆಯದು ಕಷ್ಟ, ಆದರೆ ಪೆಟ್ರೋಲಿಯಂ ಎಣ್ಣೆ ಕಂಡರೆ ಊದಿ ಮೆತ್ತಗಾಗುತ್ತದೆ. ವಾಟರ್ ಸರ್ವಿಸ್ ಮಾಡಿಸಿದ ಮೇಲೆ ತಳಕ್ಕೆ ಡೀಸೆಲ್ಲೋ ಹಳೆಯ ಆಯಿಲ್ಲೋ ಸ್ಪ್ರೇ ಹೊಡೆಯುವ ಪದ್ಧತಿ ಇದೆಯಲ್ಲ, ತುಕ್ಕು ಹಿಡಿಯಬಾರದು ಎಂದು, ಅದು ಪ್ರತಿ ಬುಷ್ಷಿಗೂ ಕೊಡುವ ನಿಧಾನ ವಿಷ. ಬೇಡ ಎಂದು ಮೊದಲೇ ಹೇಳಿ. ಬ್ಯಾಲೆನ್ಸ್ ರಾಡ್ ಬುಷ್ ಕಿರುಗುಟ್ಟಿದರೆ ಸಿಲಿಕೋನ್ ಗ್ರೀಸ್ ಹಚ್ಚಿ, ಮಾಮೂಲಿ ಗ್ರೀಸ್ ಅಲ್ಲ.

ಕೂಲೆಂಟ್ ಹೋಸು ಮತ್ತು ಬ್ರೇಕಿನ ಒಳಗಿನ ರಬ್ಬರುಗಳು ಇಪಿಡಿಎಂ ಎಂಬ ಕೃತಕ ರಬ್ಬರು. ಬಿಸಿ, ನೀರು, ಗ್ಲೈಕಾಲ್, ಬ್ರೇಕ್ ಆಯಿಲ್ ಎಲ್ಲವನ್ನೂ ತಡೆಯುತ್ತದೆ; ಎಂಜಿನ್ ಆಯಿಲ್, ಪೆಟ್ರೋಲ್, ಸೀಮೆಎಣ್ಣೆ ತಡೆಯುವುದಿಲ್ಲ. 'ಬ್ರೇಕ್ ಆಯಿಲ್' ಎಂದು ಕರೆಯುತ್ತೇವೆ, ನಿಜಕ್ಕೆ ಅದು ಎಣ್ಣೆಯೇ ಅಲ್ಲ. ಹೆಸರು ನಂಬಿ ಮಾಸ್ಟರ್ ಸಿಲಿಂಡರಿಗೆ ಯಾರಾದರೂ ಸ್ಟೀರಿಂಗ್ ಆಯಿಲ್ ಹಾಕಿದರೆ ಆ ಸಿಸ್ಟಮ್ಮಿನ ಪ್ರತಿಯೊಂದು ಕಪ್, ಸೀಲ್, ಹೋಸ್ ಊದಿಕೊಳ್ಳುತ್ತದೆ, ಎಲ್ಲವನ್ನೂ ಬದಲಿಸಬೇಕು. ಬ್ರೇಕ್ ಭಾಗಗಳನ್ನು ಪೆಟ್ರೋಲಿನಲ್ಲಿ ತೊಳೆಯುವುದೂ ತಪ್ಪು.

ಇನ್ನು ಪೆಟ್ರೋಲ್ ಹೋಸ್. 2023ರ ಏಪ್ರಿಲ್ 1ರಿಂದ ಬಂದ ಗಾಡಿಗಳ ಭಾಗಗಳು ಇ20 (ಶೇ. 20 ಎಥನಾಲ್ ಬೆರೆತ) ಪೆಟ್ರೋಲಿಗೆ ಒಗ್ಗುವಂತಿರಬೇಕು ಎಂಬುದು ನಿಯಮ. ನಿಮ್ಮದು ಅದಕ್ಕೂ ಹತ್ತು ವರ್ಷ ಹಳೆಯದು. 2025ರ ಆಗಸ್ಟಿನಲ್ಲಿ ಪೆಟ್ರೋಲಿಯಂ ಸಚಿವಾಲಯವೇ, ಕೆಲವು ಹಳೆಯ ಗಾಡಿಗಳಲ್ಲಿ 20,000ದಿಂದ 30,000 ಕಿ.ಮೀ. ಓಡಿದ ಮೇಲೆ ಕೆಲವು ರಬ್ಬರ್ ಭಾಗ, ಗ್ಯಾಸ್ಕೆಟ್ ಬದಲಿಸಬೇಕಾಗಬಹುದು ಎಂದಿತ್ತು. ಎಥನಾಲು ಹಳೆಯ ನೈಟ್ರೈಲ್ ರಬ್ಬರಿನಲ್ಲಿರುವ ಮೆದುಕಾರಕವನ್ನು ಹೀರಿ ತೆಗೆಯುತ್ತದೆ. ಪೆಟ್ರೋಲ್ ತುಂಬಿರುವಾಗ ಹೋಸ್ ಊದಿರುತ್ತದೆ, ಒಣಗಿದಾಗ ಗಟ್ಟಿಯಾಗಿ ಸೀಳುತ್ತದೆ. ಬೆಳಿಗ್ಗೆ ಶೆಡ್ಡಿನ ಬಾಗಿಲು ತೆಗೆದಾಗ ಪೆಟ್ರೋಲ್ ವಾಸನೆ ಬಂದರೆ ಅದೇ ಮೊದಲ ಸೂಚನೆ. ಟ್ಯಾಂಕಿಗೆ ಪೆಟ್ರೋಲ್ ಸುರಿಯುವ ದಪ್ಪ ಹೋಸು, ಅದರ ಪಕ್ಕದ ಗಾಳಿ ಹೋಸು, ಎಂಜಿನ್ ಕಡೆಯ ಹೋಸು, ಕ್ಯಾನಿಸ್ಟರಿನ (ಪೆಟ್ರೋಲ್ ಆವಿ ಹಿಡಿಯುವ ಡಬ್ಬಿ) ಸಣ್ಣ ಹೋಸು, ಇಷ್ಟನ್ನು ಬಗ್ಗಿಸಿ ನೋಡಿ.

ಬದಲಿಸುವಾಗ ಕಂಪನಿಯ ಹೋಸೇ ಒಳ್ಳೆಯದು. ಮೀಟರ್ ಲೆಕ್ಕದಲ್ಲಿ ಕೊಳ್ಳುವುದಾದರೆ ಮೈಮೇಲೆ ಎಸ್‌ಎಇ ಜೆ30 ಆರ್9 ಎಂದು ಅಚ್ಚಾಗಿರಬೇಕು. ಅದು 100 ಪಿಎಸ್‌ಐ ಒತ್ತಡ ತಾಳುತ್ತದೆ, ಒಳಪದರ ಫ್ಲೋರೋ ರಬ್ಬರ್. ಆರ್7 ಎಂಬುದು 50 ಪಿಎಸ್‌ಐನದು, ಕಾರ್ಬ್ಯುರೇಟರ್ ಗಾಡಿಗೆ ಸಾಕು. ಇಂಜೆಕ್ಷನ್ ಲೈನಿನಲ್ಲಿ 3ರಿಂದ 4 ಬಾರ್, ಅಂದರೆ 44ರಿಂದ 58 ಪಿಎಸ್‌ಐ ಇರುತ್ತದೆ. ಆರ್7 ಹಾಕಿದರೆ ಲೆಕ್ಕ ನೀವೇ ಮಾಡಿ. ಬಿಚ್ಚುವ ಮೊದಲು ಫ್ಯುಯೆಲ್ ಪಂಪಿನ ರಿಲೇ ಕಿತ್ತು ಎಂಜಿನ್ ತಾನಾಗಿ ಆರುವವರೆಗೆ ಓಡಿಸಿ, ಒತ್ತಡ ಇಳಿಯುತ್ತದೆ. ಬ್ಯಾಟರಿ ನೆಗೆಟಿವ್ ತೆಗೆಯಿರಿ.

ಅಂಗಡಿಯಲ್ಲಿ ಹೊಸ ರಬ್ಬರಿಗೂ ವಯಸ್ಸಿರುತ್ತದೆ. ಎಷ್ಟೋ ಬುಷ್, ಬೂಟುಗಳ ಮೇಲೆ ಗಡಿಯಾರದಂಥ ಚಿಕ್ಕ ವೃತ್ತ ಅಚ್ಚಾಗಿರುತ್ತದೆ: ನಡುವೆ ಎರಡಂಕಿಯ ವರ್ಷ, ಬಾಣ ತೋರಿಸುವುದು ತಿಂಗಳು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೊಂಡರೂ ಊರಿನ ಅಂಗಡಿಯಲ್ಲಿ ಕೊಂಡರೂ ಅದನ್ನು ನೋಡಿ, ಉಗುರು ಒತ್ತಿ ನೋಡಿ. ಒತ್ತಿದ ಗುರುತು ತಕ್ಷಣ ಮಾಯವಾಗಬೇಕು.

ಕಡಲತಡಿ_ಗ್ಯಾರೇಜು

ಬೂಟಿನದ್ದು ಯಾರೂ ಹೇಳ್ಲಿಲ್ಲ. ಗ್ರೀಸ್ ಹೊರಗೆ ಬಾರದೆ ಬರೀ ಬಿರುಕು ಇರುವಾಗಲೇ ಹಾಕಿದರೆ ಜಾಯಿಂಟ್ ಉಳೀತದೆ. ಹರಿದ ಮೇಲೆ ಮಳೆಗಾಲದಲ್ಲಿ ನಾಲ್ಕು ದಿನ ಓಡಿದರೆ ಕೆಸರು ಒಳಗೆ ಹೋಗಿ ಉಜ್ಜುವ ಪೇಸ್ಟ್ ಆಗ್ತದೆ. ಆಗ ಪೂರ್ತಿ ಸ್ಟೀರಿಂಗ್ ತಿರುಗಿಸಿ ಮುಂದೆ ಹೋದಾಗ 'ಕಟಕಟಕಟ' ಅಂತ ಬರ್ತದೆ, ಬೂಟು ಹಾಕಿ ಪ್ರಯೋಜನ ಇಲ್ಲ.

ಹೊರಗಿನ ಜಾಯಿಂಟನ್ನು ಬಿಚ್ಚಲಿಕ್ಕೆ ಹೋಗಬೇಡಿ. ಆ್ಯಕ್ಸಲ್ ಹೊರಗೆ ತೆಗೆದು, ಗೇರ್‌ಬಾಕ್ಸ್ ಕಡೆಯ ಜಾಯಿಂಟ್ ಕಳಚಿ, ಆ ಕಡೆಯಿಂದ ಹೊರಗಿನ ಬೂಟನ್ನು ತೂರಿಸಿ ತರಬೇಕು. ಕಳಚುವ ಮೊದಲು ಟ್ರೈಪಾಡ್‌ಗೂ (ಆ ಜಾಯಿಂಟಿನ ಒಳಗಿನ ಮೂರು ಕಾಲಿನ ಭಾಗ) ಶಾಫ್ಟ್‌ಗೂ ಪೇಂಟ್ ಗುರುತು ಹಾಕಿ. ಹೇಗೂ ಬಿಚ್ಚಿದ್ದೀರಲ್ಲ, ಒಳಗಿನ ಬೂಟನ್ನೂ ಬದಲಿಸಿ. ಗೇರ್ ಆಯಿಲ್ ಸೋರ್ತದೆ, ಟ್ರೇ ಇಡಿ, ಅಲ್ಲಿನ ಆಯಿಲ್ ಸೀಲೂ ಹೊಸತು ಹಾಕಿ. ಕಿಟ್ಟಿನಲ್ಲಿ ಬರುವ ಕಪ್ಪು ಗ್ರೀಸಿನ ಪ್ಯಾಕೆಟ್ ಪೂರ್ತಿ ಖಾಲಿ ಮಾಡಿ, ಹೆಚ್ಚಿನದ್ದು ಜಾಯಿಂಟಿನ ಒಳಗೆ, ಉಳಿದದ್ದು ಬೂಟಿನ ಒಳಗೆ. ವೀಲ್ ಬೇರಿಂಗ್ ಗ್ರೀಸ್ ಇದಕ್ಕೆ ಆಗುವುದಿಲ್ಲ, ಮೋಲಿ (ಮಾಲಿಬ್ಡಿನಮ್) ಇರುವ ಸಿವಿ ಗ್ರೀಸೇ, ಅಂದ್ರೆ ಆ್ಯಕ್ಸಲ್ ಜಾಯಿಂಟಿನ ಗ್ರೀಸೇ ಬೇಕು. ಸಣ್ಣ ಬ್ಯಾಂಡ್ ಬಿಗಿಯುವ ಮೊದಲು ಬೂಟಿನ ಬಾಯಿಗೆ ತೆಳ್ಳಗಿನ ಸ್ಕ್ರೂಡ್ರೈವರ್ ತೂರಿಸಿ ಗಾಳಿ ಬಿಡಿ. ಇಲ್ಲದಿದ್ದರೆ ಮಡಿಕೆ ಒಳಗೆ ಸೇದಿಕೊಂಡು ಒಂದಕ್ಕೊಂದು ಉಜ್ಜಿ ಮತ್ತೆ ಹರೀತದೆ. ಕೇಬಲ್ ಟೈ ಕಟ್ಟುವವರು ಇದ್ದಾರೆ, ಬಿಸಿಗೆ ಸಡಿಲ ಆಗಿ ಗ್ರೀಸ್ ಎಲ್ಲ ರಿಮ್ಮಿಗೆ ಎರಚ್ತದೆ. ಆ್ಯಕ್ಸಲ್ ನಟ್ ಹೊಸತೇ ಹಾಕಿ, ಬಿಗಿದ ಮೇಲೆ ಅದರ ತುಟಿಯನ್ನು ಆ್ಯಕ್ಸಲಿನ ಕಚ್ಚಿನೊಳಗೆ ಹೊಡೆದು ಮಡಚಿ. ಆ ನಟ್ ಬಿಗಿಯದೆ ಗಾಡಿಯ ಭಾರವನ್ನು ಚಕ್ರದ ಮೇಲೆ ಬಿಟ್ಟರೆ ಬೇರಿಂಗ್ ಹಾಳು.

ಇದು ಮನೆಯಲ್ಲಿ ಆಗುವ ಕೆಲಸವೇ, ಆದರೆ ಮೊದಲ ಸಲಕ್ಕೆ ಇಡೀ ಒಂದು ದಿನ ಇಟ್ಟುಕೊಳ್ಳಿ.

ತುಂಗಾತೀರ

ಹಾಗಾದರೆ ಬ್ರೇಕ್ ಹೋಸ್ ಎರಡು, ಟಾಪ್ ಹೋಸ್ ಮತ್ತೆ ಹೀಟರ್ ಹೋಸ್, ಲೋಯರ್ ಆರ್ಮ್ ಬುಷ್ ಎರಡೂ ಕಡೆ, ಬಲ ಬೂಟು, ಇದೇ ಕ್ರಮದಲ್ಲಿ. ಶಾಕಪ್, ಸ್ಟ್ರಟ್ ಮೌಂಟಿಂಗ್, ಲಿಂಕ್ ರಾಡ್ ಬಿಟ್ಟೆ. ಉಳಿದದ್ದು ಎಂಜಿನ್ ಮೌಂಟಿಂಗ್. ಮೂರನ್ನೂ ಹಾಕಲೇಬೇಕಾ?

ಹದಿನೇಳರ_ಸ್ಪ್ಯಾನರ್

ಕ್ರಮ ಸರಿ ಇದೆ. ಬ್ರೇಕ್ ಹೋಸ್ ಹಾಕುವಾಗ ತಾಮ್ರದ ವಾಷರ್ ಹೊಸದು, ಪೈಪ್ ನಟ್ಟಿಗೆ 10ರ ಫ್ಲೇರ್ ಸ್ಪ್ಯಾನರ್ ಹಾಕಿ, ಮಾಮೂಲಿ ಸ್ಪ್ಯಾನರ್ ಮೂಲೆ ತಿನ್ನುತ್ತೆ. ಕ್ಯಾಲಿಪರನ್ನ ಹೋಸ್ ಮೇಲೆ ನೇತಾಡಿಸಬೇಡಿ, ತಂತಿಯಲ್ಲಿ ಸ್ಪ್ರಿಂಗಿಗೆ ಕಟ್ಟಿ. ಹಾಕಿದ ಮೇಲೆ ಚಕ್ರ ಜೋತಿರುವಾಗ ಸ್ಟೀರಿಂಗನ್ನ ಈ ತುದಿಯಿಂದ ಆ ತುದಿಗೆ ತಿರುಗಿಸಿ, ಹೋಸ್ ಎಲ್ಲೂ ಎಳೀಬಾರದು, ತಿರುಚಬಾರದು, ಉಜ್ಜಬಾರದು.

ಮೌಂಟಿಂಗ್ ಮೂರೂ ಬೇಡ, ಮೊದಲು ನೋಡಿ. ಆದರೆ ಅದಕ್ಕೂ ಮೊದಲು ಪ್ಲಗ್ ಮತ್ತು ಥ್ರಾಟಲ್ ಬಾಡಿ ಸ್ವಚ್ಛ ಇದೆಯಾ ನೋಡಿ. ಎಸಿ ಹಾಕಿದಾಗ ಐಡಲ್ ಬಿದ್ದು ನಡುಗೋದಕ್ಕೂ ಮೌಂಟಿಂಗ್ ನಡುಕಕ್ಕೂ ಸ್ಟೀರಿಂಗಿನಲ್ಲಿ ವ್ಯತ್ಯಾಸ ಗೊತ್ತಾಗಲ್ಲ. ಆಕ್ಸಿಲರೇಟರ್ ಸ್ವಲ್ಪ ಒತ್ತಿ 1,200 ಆರ್‌ಪಿಎಂಗೆ ತಂದಾಗ ನಡುಕ ಪೂರ್ತಿ ಹೋದರೆ ಐಡಲ್ ಕಡೆಯಿಂದ ಶುರು ಮಾಡಿ.

ಆಮೇಲೆ ಬಾನೆಟ್ ತೆಗೆದು, ಹ್ಯಾಂಡ್ ಬ್ರೇಕ್ ಎಳೆದು, ಒಬ್ಬರು ಬ್ರೇಕ್ ಗಟ್ಟಿಯಾಗಿ ಒತ್ತಿಕೊಂಡು ಫಸ್ಟ್ ಗೇರ್‌ನಲ್ಲಿ ಕ್ಲಚ್ಚನ್ನ ಕಚ್ಚೋವಷ್ಟು ಮಾತ್ರ ಬಿಡಲಿ, ಮತ್ತೆ ಒತ್ತಲಿ. ರಿವರ್ಸ್‌ನಲ್ಲೂ ಹಾಗೇ. ನೋಡೋರು ಗಾಡಿಯ ಮುಂದೆ ನಿಲ್ಲಬಾರದು, ಪಕ್ಕದಲ್ಲಿ ನಿಲ್ಲಿ. ಎಂಜಿನ್ ಸ್ವಲ್ಪ ವಾಲೋದು ಸಹಜ. ಒಂದು ದಿಕ್ಕಿಗೆ ಮಾತ್ರ ಜಾಸ್ತಿ ಎದ್ದು 'ಧಡ್' ಅಂತ ಕೂತರೆ ಆ ಕಡೆಯ ಮೌಂಟಿಂಗ್ ಹೋಗಿದೆ. ಸಾಮಾನ್ಯವಾಗಿ ಮೊದಲು ಸಾಯೋದು ಹಿಂದಿನದು, ಎಂಜಿನ್ ಮುಂದೆ ಹಿಂದೆ ವಾಲದ ಹಾಗೆ ಹಿಡಿಯೋದು ಅದೇ. ಕೆಳಗಿಂದ ಟಾರ್ಚ್ ಬಿಟ್ಟರೆ ಸೀಳು ಕಾಣುತ್ತೆ.

ಬದಲಿಸುವಾಗ ಸಂಪ್ (ಎಂಜಿನ್ ತಳದ ಆಯಿಲ್ ತೊಟ್ಟಿ) ಕೆಳಗೆ ಅಗಲದ ಹಲಗೆ ಕೊಟ್ಟು ಜಾಕ್ ಇಡಿ, ಬರೀ ಜಾಕ್ ಇಟ್ಟರೆ ಸಂಪ್ ನೆಗ್ಗಿ ಒಳಗಿನ ಆಯಿಲ್ ಸ್ಟ್ರೇನರ್ ಮುಚ್ಚಿಕೊಳ್ಳಬಹುದು. ಎತ್ತೋದು ಬೇಡ, ಭಾರ ತೆಗೆದುಕೊಂಡರೆ ಸಾಕು. ಒಂದು ಸಲಕ್ಕೆ ಒಂದೇ ಮೌಂಟಿಂಗ್. ಎಲ್ಲ ಬೋಲ್ಟೂ ಕೈಬಿಗಿ ಮಾಡಿ, ಜಾಕ್ ತೆಗೆದು, ಎಂಜಿನ್ ಎರಡು ನಿಮಿಷ ಐಡಲ್‌ನಲ್ಲಿ ಓಡಿ ತನ್ನ ಜಾಗಕ್ಕೆ ತಾನೇ ಕೂರಲಿ. ಆರಿಸಿ, ಆಮೇಲೆ ಪೂರ್ತಿ ಬಿಗಿಯಿರಿ. ಹಿಂದಿನದೊಂದನ್ನ ಹಾಕಿದ ಮೇಲೂ ನಡುಕ ಉಳಿದರೆ ಬಲಗಡೆಯದನ್ನ ನೋಡೋಣ, ಫೋಟೋ ಹಾಕಿ.